ಕಟ್ಟುವ ಮೊದಲು ಕಲಿಯತಕ್ಕ ಲೆಕ್ಕ

ಮಳಿಗೆಗಳನ್ನೂ ಕಚೇರಿಗಳನ್ನೂ ಕಟ್ಟಿಸಿ ಬಾಡಿಗೆಗೆ ಕೊಡುವ ಉದ್ಯಮದಲ್ಲಿ ತರಬೇತಿ ಪಡೆಯಬಯಸುವ ತರುಣರಿಗೆ ನಾವು ಮೊದಲು ಶಿವನಸಮುದ್ರದ ವೃತ್ತಾಂತವನ್ನು ಹೇಳುವೆವು. ಅಲ್ಲಿಯ ವಿದ್ಯುದಾಗಾರವು 1902ರಲ್ಲಿ ಕೆಲಸವನ್ನಾರಂಭಿಸಿತು. ಆದರೆ ಅದನ್ನು ಕಟ್ಟುವುದಕ್ಕೆ ಮುಂಚೆಯೇ ಕೋಲಾರದ ಚಿನ್ನದ ಗಣಿಗಳವರು ವಿದ್ಯುತ್ತನ್ನು ಕೊಳ್ಳುವೆವೆಂದು ಮೈಸೂರು ಸರ್ಕಾರದೊಡನೆ ಕರಾರು ಮಾಡಿಕೊಂಡಿದ್ದರು. ಧುಮುಕುವ ಕಾವೇರಿಯಿದ್ದರೆ ಸಾಲದು, ಕೊಳ್ಳುವವರೂ ಬೇಕು.

ಕಟ್ಟಡಕ್ಕೂ ಇದೇ ನ್ಯಾಯ. ಬಾಡಿಗೆದಾರರು ಯಾರು, ಮಳಿಗೆಯು ಎಷ್ಟು ತಿಂಗಳು ಖಾಲಿಯಿದ್ದೀತು, ಆಗ ಸಾಲದ ಬಡ್ಡಿಯನ್ನು ಯಾವುದರಿಂದ ತೆರುವುದು—ಈ ಮೂರನ್ನು ಲೆಕ್ಕಹಾಕುವುದೇ ಆ ತರಬೇತಿಯ ಸಾರವು. ಕಟ್ಟಿ ಮಾರುವವರು ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70 ಪಾಲನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂದು 2016ರ ರಿಯಲ್ ಎಸ್ಟೇಟ್ ಕಾಯಿದೆಯು ವಿಧಿಸಿದೆ, ಅದನ್ನೂ ಅರಿತಿರಬೇಕು.

ಮಗನು ಪಿತ್ರಾರ್ಜಿತ ಜಮೀನನ್ನು ಅಡವಿಟ್ಟು ಕಟ್ಟಿಸಹೊರಟರೆ, ಗೃಹಸ್ಥರು ನಕ್ಷೆಯನ್ನು ನೋಡುವುದಕ್ಕೆ ಮೊದಲು ಈ ಲೆಕ್ಕವನ್ನು ಕೇಳತಕ್ಕದ್ದು.