ನಿದ್ರಾಹೀನತೆ ಮತ್ತು ಕ್ಯಾನ್ಸರ್: ಯಾವುದು ಕಾರಣ, ಯಾವುದು ಪರಿಣಾಮ?

'ರಾತ್ರಿ ನಿದ್ದೆ ಬಾರದವರಿಗೆ ಕ್ಯಾನ್ಸರ್ ಬರುತ್ತದೆಯೇ?' ಜೈವಿಕ ಗಡಿಯಾರದ ಪಾಠ ಮಾಡುವಾಗ ಈ ಪ್ರಶ್ನೆ ನಿಮಗೆ ಎದುರಾಗಬಹುದು. ಉತ್ತರಿಸುವ ಮುನ್ನ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಿ. ಮಲಗಿದರೂ ನಿದ್ದೆ ಹತ್ತದಿರುವುದು ನಿದ್ರಾಹೀನತೆ. ದುಡಿಮೆಗಾಗಿ ರಾತ್ರಿಯಿಡೀ ದೀಪದ ಬೆಳಕಿನಲ್ಲಿ ಎಚ್ಚರವಿರುವುದು ಬೇರೆ ಮಾತು.

ಸಂಶಯ ಹೆಚ್ಚಾಗಿ ಇರುವುದು ಎರಡನೆಯದರ ಮೇಲೆ. ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಲ್ಲಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಈ ಸ್ರಾವ ತಗ್ಗುತ್ತದೆ. ಪ್ರಯೋಗಾಲಯದಲ್ಲಿ ಮೆಲಟೋನಿನ್ ಕೆಲವು ಬಗೆಯ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ನಿಧಾನಗೊಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲಿ, ಜೈವಿಕ ಲಯ ಕೆಡಿಸುವ ಪಾಳಿ ಕೆಲಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿತು. 2019ರ ಮರುಪರಿಶೀಲನೆಯಲ್ಲಿ ರಾತ್ರಿ ಪಾಳಿಯನ್ನು ಅದೇ ಗುಂಪಿನಲ್ಲಿ ಇರಿಸಿತು. ಈ ಗುಂಪು ಹೇಳುವುದು ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಪತ್ರಿಕೆಗಳ ತಲೆಬರಹಗಳು ಎಡವುವುದು ಇಲ್ಲಿಯೇ. ಪುರಾವೆಗಳೂ ಒಮ್ಮತದವಲ್ಲ. 30 ವರ್ಷಕ್ಕೂ ಮಿಕ್ಕಿ ರಾತ್ರಿ ಪಾಳಿ ಮಾಡಿದ ಅಮೆರಿಕದ ದಾದಿಯರಲ್ಲಿ ಸ್ತನ ಕ್ಯಾನ್ಸರ್ ತುಸು ಹೆಚ್ಚೆಂದು 2001ರ ವರದಿಯೊಂದು ತಿಳಿಸಿತು. 2016ರ ಬ್ರಿಟಿಷ್ ಅಧ್ಯಯನದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಬರಿಯ ನಿದ್ರಾಹೀನತೆಯ ಕುರಿತಂತೂ ಫಲಿತಾಂಶಗಳು ಇನ್ನೂ ಗೊಂದಲಮಯ.

ಇದರ ವಿರುದ್ಧ ದಿಕ್ಕಿನ ನಂಟು ಮಾತ್ರ ಖಚಿತ: ಕ್ಯಾನ್ಸರ್ ನಿದ್ದೆಯನ್ನು ಕೆಡಿಸುತ್ತದೆ. ನೋವು, ಆತಂಕ ಸರಿಯೇ; ಔಷಧಗಳ ಪಾತ್ರವೂ ಇದೆ. ಕಿಮೋಥೆರಪಿಯಿಂದಾಗುವ ವಾಂತಿ ತಡೆಯಲು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ನಮ್ಮ ದೇಹದ ಕಾರ್ಟಿಸಾಲ್ ಬೆಳಗ್ಗೆ ಏರಿ, ರಾತ್ರಿ ಇಳಿಯುತ್ತದೆ. ಸಂಜೆ ನುಂಗಿದ ಸ್ಟೀರಾಯ್ಡ್ ಕಾರ್ಟಿಸಾಲಿನಂತೆ ವರ್ತಿಸಿ, ಮಲಗುವ ಹೊತ್ತಿನಲ್ಲಿ ದೇಹವನ್ನು ಎಚ್ಚರವಾಗಿಡುತ್ತದೆ. ಅದಕ್ಕೇ ಸಾಧ್ಯವಿದ್ದಲ್ಲಿ ಅದನ್ನು ಬೆಳಗಿನ ಹೊತ್ತೇ ಕೊಡುತ್ತಾರೆ. ಸ್ತನ ಕ್ಯಾನ್ಸರಿಗೆ ನೀಡುವ ಟಾಮಾಕ್ಸಿಫೆನ್‌ನಿಂದ ರಾತ್ರಿ ಮೈ ಬಿಸಿಯೇರಿ ಬೆವರಬಹುದು. ಜೊತೆಗೆ, ಸುಸ್ತಿನಿಂದ ಹಗಲೆಲ್ಲ ಮಲಗಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು?

'ಇಷ್ಟು ದೊಡ್ಡ ಕಾಯಿಲೆಯ ಮುಂದೆ ನಿದ್ದೆಯದೇನು?' ಎಂದು ರೋಗಿಗಳು ಇದನ್ನು ವೈದ್ಯರಿಗೆ ಹೇಳದೆ ಬಿಡುವುದುಂಟು. ಹೇಳಿದರೆ ಚಿಕಿತ್ಸೆಯಿದೆ. ಬಹುಕಾಲ ಕಾಡುವ ನಿದ್ರಾಹೀನತೆಗೆ ಮೊದಲು ಶಿಫಾರಸು ಮಾಡುವುದು ಮಾತ್ರೆಯನ್ನಲ್ಲ, ಅಭ್ಯಾಸಗಳನ್ನು ತಿದ್ದುವ ವರ್ತನಾ ಚಿಕಿತ್ಸೆಯನ್ನು. ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಎದ್ದು ಕೂತು, ತೂಕಡಿಕೆ ಬಂದಾಗಲೇ ಮತ್ತೆ ಹಾಸಿಗೆಗೆ ಹೋಗುವುದು ಅದರ ಭಾಗ. ಕ್ಯಾನ್ಸರ್ ರೋಗಿಗಳಲ್ಲೂ ಇದರಿಂದ ನಿದ್ದೆ ಸುಧಾರಿಸಿದೆ.