ಹಳೆಯ ಫುಟ್‌ಬಾಲ್ ಜೆರ್ಸಿಗೆ ಲಕ್ಷಾಂತರ ರೂಪಾಯಿ ಬೆಲೆಯೇ? ಅಸಲಿಯನ್ನು ಗುರುತಿಸುವುದು ಹೇಗೆ?

“1990ರ ವಿಶ್ವಕಪ್ ಫೈನಲ್‌ನಲ್ಲಿ ಆಟಗಾರನೇ ತೊಟ್ಟ ಜರ್ಮನಿ ಜೆರ್ಸಿ. ಬೆನ್ನ ಮೇಲೆ ಮಥಾಯಸ್ ಎಂಬ ಹೆಸರು, 10ನೇ ನಂಬರ್. ಇಂದು ಕೊಂಡರೆ ನಾಳೆ ಹತ್ತು ಪಟ್ಟು!”

ಇಂಥದೊಂದು ಸಂದೇಶ ನಿಮ್ಮ ಫೋನಿಗೆ ಬಂತು ಎಂದುಕೊಳ್ಳಿ. ಜೊತೆಗೆ ಚೆಂದದ ಫೋಟೊ ಇದೆ, ಮುಂಗಡ ಹಣ ಕಳಿಸಲು ನಂಬರ್ ಕೂಡ ಇದೆ. ನಂಬಬಹುದೇ? ನಂಬಬಾರದು. ಈ ಸಂದೇಶದೊಳಗೇ ಒಂದು ದೊಡ್ಡ ಸುಳ್ಳು ಕೂತಿದೆ. ಅದೇನೆಂದು ಮುಂದೆ ನೋಡೋಣ. ಅದಕ್ಕೂ ಮೊದಲು, ಮೂವತ್ತು ವರ್ಷ ಹಳೆಯ ಪಾಲಿಯೆಸ್ಟರ್ ಅಂಗಿಗೆ ಜನ ಯಾಕೆ ಇಷ್ಟು ಹಣ ಕೊಡುತ್ತಾರೆ ಎಂದು ತಿಳಿಯೋಣ.

ನಿಜವಾಗಿಯೂ ಇಷ್ಟು ಬೆಲೆ ಇದೆಯೇ?

ಕೆಲವಕ್ಕೆ ಇದೆ. 1986ರ ಜೂನ್ 22ರಂದು ಮೆಕ್ಸಿಕೊ ನಗರದಲ್ಲಿ ಇಂಗ್ಲೆಂಡ್ ವಿರುದ್ಧದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಮರಡೋನಾ ತೊಟ್ಟಿದ್ದ ನೀಲಿ ಜೆರ್ಸಿ 2022ರಲ್ಲಿ ಸೋದಬೀಸ್ ಹರಾಜಿನಲ್ಲಿ ಸುಮಾರು 71 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಪಂದ್ಯ ಮುಗಿದ ಮೇಲೆ ಇಂಗ್ಲೆಂಡಿನ ಆಟಗಾರ ಸ್ಟೀವ್ ಹಾಡ್ಜ್ ಅದನ್ನು ಮರಡೋನಾ ಜೊತೆ ಅದಲುಬದಲು ಮಾಡಿಕೊಂಡಿದ್ದರು.

ಅಭಿಮಾನಿಗಳು ಕೊಂಡು ತೊಡುತ್ತಿದ್ದ ಸಾಧಾರಣ ಜೆರ್ಸಿಗಳಿಗೂ ಈಗ ದೊಡ್ಡ ಮಾರುಕಟ್ಟೆಯಿದೆ. 2006ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಬ್ಬರು ಗೆಳೆಯರು ಹಳೆಯ ಜೆರ್ಸಿ ಮಾರಲು ‘ಕ್ಲಾಸಿಕ್ ಫುಟ್‌ಬಾಲ್ ಶರ್ಟ್ಸ್’ ಎಂಬ ಕಂಪನಿ ಶುರುಮಾಡಿದರು. 2024ರಲ್ಲಿ ಅಮೆರಿಕದ ಚೆರ್ನಿನ್ ಗ್ರೂಪ್ ಅದರಲ್ಲಿ 3.85 ಕೋಟಿ ಡಾಲರ್ ಹೂಡಿತು. ಅಂದರೆ ಇದು ಈಗ ಬರೀ ಹವ್ಯಾಸವಲ್ಲ, ವ್ಯಾಪಾರ. ವ್ಯಾಪಾರ ಇದ್ದಲ್ಲಿ ನಕಲಿ ಮಾಲೂ ಬಂದೇ ಬರುತ್ತದೆ.

ಹಾಗೆಂದು ಹಳೆಯ ಜೆರ್ಸಿಗಳೆಲ್ಲ ಚಿನ್ನವಲ್ಲ. ಜನಪ್ರಿಯ ತಂಡಗಳ ಜೆರ್ಸಿಗಳು ಆಗಲೇ ರಾಶಿ ರಾಶಿ ಮಾರಾಟವಾಗಿದ್ದವು. ಬೆಲೆ ನಿರ್ಧಾರವಾಗುವುದು ಯಾವ ತಂಡ, ಯಾವ ವರ್ಷ, ಯಾವ ಅಳತೆ, ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಅದೇ ಕಾಲದ್ದು ಎನ್ನಲು ಪುರಾವೆ ಏನಿದೆ ಎಂಬುದರ ಮೇಲೆ.

ಆ ಕಾಲದ ಜೆರ್ಸಿಗಳೇ ಯಾಕೆ?

1988ರ ಯೂರೊ ಕಪ್ ಗೆದ್ದ ನೆದರ್ಲೆಂಡ್ಸ್‌ನ ಕಿತ್ತಳೆ ಜೆರ್ಸಿಯನ್ನೋ, 1991ರಿಂದ 93ರವರೆಗೆ ಆರ್ಸೆನಲ್ ತಂಡ ಹೊರಊರಿನ ಪಂದ್ಯಗಳಲ್ಲಿ ತೊಡುತ್ತಿದ್ದ ಹಳದಿ ಜೆರ್ಸಿಯನ್ನೋ ನೋಡಿ. ಒಂದೊಂದರ ಮೇಲೂ ಕಣ್ಣು ಕುಕ್ಕುವ ಚಿತ್ತಾರ. ಹಳದಿಯ ಮೇಲೆ ಕಡುಬಣ್ಣದ ಅಂಕುಡೊಂಕು ಗೆರೆಗಳಿದ್ದ ಆರ್ಸೆನಲ್ ಜೆರ್ಸಿಗೆ ಅಭಿಮಾನಿಗಳು ‘ಪೆಟ್ಟು ತಿಂದ ಬಾಳೆಹಣ್ಣು’ ಎಂದೇ ಹೆಸರಿಟ್ಟರು. ಅದಕ್ಕೆ ಕೆಲವು ದಶಕ ಮೊದಲಿನ ಜೆರ್ಸಿಗಳು ಹೀಗಿರಲಿಲ್ಲ. ಒಂದು ಬಣ್ಣ, ಹೆಚ್ಚೆಂದರೆ ಒಂದೆರಡು ಪಟ್ಟೆ, ಅಷ್ಟೇ.

ಈ ಬದಲಾವಣೆಯ ಹಿಂದೆ ಒಂದು ಸರಳ ವಿಜ್ಞಾನವಿದೆ. ಅದು ನಿಮ್ಮ ದೇವರಮನೆಯಲ್ಲೇ ಇದೆ. ಕರ್ಪೂರದ ಬಿಲ್ಲೆಯನ್ನು ತೆರೆದಿಟ್ಟರೆ ಕೆಲವು ದಿನಗಳಲ್ಲಿ ಮಾಯವಾಗುತ್ತದೆ, ಆದರೆ ತಟ್ಟೆಯಲ್ಲಿ ಒಂದು ಹನಿ ನೀರೂ ಇರುವುದಿಲ್ಲ. ಘನವಸ್ತು ದ್ರವವಾಗದೆ ನೇರವಾಗಿ ಆವಿಯಾಗುವ ಈ ಕ್ರಿಯೆಗೆ ಉತ್ಪತನ ಎನ್ನುತ್ತಾರೆ.

ಕೆಲವು ಬಣ್ಣಗಳೂ ಹೀಗೆಯೇ ವರ್ತಿಸುತ್ತವೆ. ಮೊದಲು ಕಾಗದದ ಮೇಲೆ ಚಿತ್ತಾರ ಮುದ್ರಿಸಿ, ಆ ಕಾಗದವನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ, ಬಿಸಿಗೆ ಸಡಿಲಗೊಂಡ ನೂಲಿನ ಒಳಕ್ಕೇ ನುಗ್ಗುತ್ತದೆ. ಬಟ್ಟೆ ತಣ್ಣಗಾದಾಗ ನೂಲು ಮತ್ತೆ ಬಿಗಿಯಾಗಿ ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ಹತ್ತಿಬಟ್ಟೆಯಲ್ಲಿ ಇದು ಹೀಗೆ ನಿಲ್ಲುವುದಿಲ್ಲ, ಪಾಲಿಯೆಸ್ಟರ್ ಬೇಕೇ ಬೇಕು. ನಮ್ಮಲ್ಲಿ ಹಿರಿಯರು ಟೆರಿಲಿನ್ ಎನ್ನುತ್ತಿದ್ದ ಬಟ್ಟೆಯೂ ಇದೇ ಪಾಲಿಯೆಸ್ಟರ್. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಇದರ ನೂಲನ್ನು ಕಂಡುಹಿಡಿದರು.

ಕಾಗದದ ಮೇಲೆ ಏನು ಬರೆದರೂ ಅದನ್ನು ಬಟ್ಟೆಗೆ ಇಳಿಸಬಹುದು ಎಂದಾದಾಗ ವಿನ್ಯಾಸಕಾರರ ಕೈ ಕಟ್ಟುವವರೇ ಇಲ್ಲದಾಯಿತು. ಆ ಕಾಲದ ರಂಗುರಂಗಿನ ಜೆರ್ಸಿಗಳು ಬಂದದ್ದು ಹೀಗೆ. ಮೂವತ್ತು ವರ್ಷ ಕಳೆದರೂ ಹಲವು ಜೆರ್ಸಿಗಳ ಚಿತ್ತಾರ ಮಾಸದೆ ಉಳಿದಿರುವುದಕ್ಕೂ ಇದೇ ಕಾರಣ. ಬಣ್ಣ ಇರುವುದು ನೂಲಿನ ಮೇಲಲ್ಲ, ಒಳಗೆ.

‘ಅಸಲಿ’ ಎಂದರೆ ಯಾವುದು?

ಇಲ್ಲೇ ಹೆಚ್ಚಿನವರು ಎಡವುವುದು. ನೋಡಲು ಒಂದೇ ಥರ ಇರುವ ಜೆರ್ಸಿಗಳಲ್ಲಿ ಐದು ಬಗೆಗಳಿವೆ.

1. ಪಂದ್ಯದಲ್ಲಿ ತೊಟ್ಟದ್ದು: ಆಟಗಾರ ಮೈದಾನದಲ್ಲಿ ಧರಿಸಿದ ಜೆರ್ಸಿ. ಬೆಲೆ ಎಲ್ಲಕ್ಕಿಂತ ಹೆಚ್ಚು, ಪುರಾವೆಯೂ ಅಷ್ಟೇ ಗಟ್ಟಿಯಾಗಿರಬೇಕು.

2. ಆಟಗಾರರಿಗೆಂದು ತಯಾರಾದದ್ದು: ತಂಡಕ್ಕೆ ಕೊಟ್ಟಿದ್ದು, ಆದರೆ ಪಂದ್ಯದಲ್ಲಿ ಬಳಕೆಯಾಗದೆ ಉಳಿದದ್ದು.

3. ಅಭಿಮಾನಿಗಳ ಜೆರ್ಸಿ: ಅದೇ ಕಂಪನಿ ಅದೇ ವರ್ಷ ಅಂಗಡಿಗಳಲ್ಲಿ ಮಾರಿದ್ದು. ಇಂಗ್ಲಿಷಿನಲ್ಲಿ ಇದನ್ನು ‘ರೆಪ್ಲಿಕಾ’ ಎನ್ನುತ್ತಾರೆ. ರೆಪ್ಲಿಕಾ ಎಂದರೆ ನಕಲಿ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಸಂಗ್ರಹಕಾರರ ಬಳಿ ಇರುವ ಬಹುಪಾಲು ಅಸಲಿ ಜೆರ್ಸಿಗಳು ಇವೇ.

4. ಮರುತಯಾರಿಕೆ: ಹಳೆಯ ವಿನ್ಯಾಸವನ್ನು ಕಂಪನಿಯೇ, ಅಥವಾ ಪರವಾನಗಿ ಪಡೆದವರು ಈಚೆಗೆ ಮತ್ತೆ ತಯಾರಿಸಿದ್ದು. ಇದು ಕಾನೂನುಬದ್ಧ, ತೊಡಲು ಚೆನ್ನಾಗಿರುತ್ತದೆ. ಆದರೆ ಇದನ್ನು ‘1990ರದ್ದು’ ಎಂದು ಮಾರಿದರೆ ಅದು ಮೋಸ.

5. ನಕಲಿ: ಯಾರ ಅನುಮತಿಯೂ ಇಲ್ಲದೆ ತಯಾರಾದದ್ದು.

ಮಾರುವವರು ‘ಒರಿಜಿನಲ್’ ಎಂದಾಗ ಈ ಐದರಲ್ಲಿ ಯಾವುದು ಎಂದು ಕೇಳಿ. ನೇರ ಉತ್ತರ ಬಾರದಿದ್ದರೆ ಅನುಮಾನಕ್ಕೆ ಅಷ್ಟು ಸಾಕು.

ಜೆರ್ಸಿಯೇ ಹೇಳುವ ಸಾಕ್ಷಿ

ಈಗ ಮೊದಲಿನ ಸಂದೇಶಕ್ಕೆ ಬರೋಣ. ಅದರ ಸುಳ್ಳು ಯಾವುದು? ಬೆನ್ನ ಮೇಲಿನ ಹೆಸರು! 1990ರ ವಿಶ್ವಕಪ್‌ನಲ್ಲಿ ಆಟಗಾರರ ಬೆನ್ನ ಮೇಲೆ ಬರೀ ನಂಬರ್ ಇರುತ್ತಿತ್ತು, ಹೆಸರು ಇರಲಿಲ್ಲ. ಯೂರೊ ಕಪ್‌ನಲ್ಲಿ ಹೆಸರು ಬಂದದ್ದು 1992ರಲ್ಲಿ, ವಿಶ್ವಕಪ್‌ನಲ್ಲಿ 1994ರಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾದದ್ದು 1992ರಲ್ಲಾದರೂ ಆಟಗಾರರಿಗೆ ಹೆಸರು ಮತ್ತು ಕಾಯಂ ನಂಬರ್ ಸಿಕ್ಕಿದ್ದು 1993-94ರ ಋತುವಿನಿಂದ. ಹಾಗಾಗಿ ಆ ಫೈನಲ್‌ನಲ್ಲಿ ಜರ್ಮನಿಯ ನಾಯಕ ಲೋಥರ್ ಮಥಾಯಸ್ ತೊಟ್ಟಿದ್ದ ಜೆರ್ಸಿಯಲ್ಲಿ 10 ಇತ್ತು, ಅವರ ಹೆಸರು ಇರಲಿಲ್ಲ. ಹೆಸರಿದ್ದರೆ ಅದು ಆಮೇಲೆ ಯಾರೋ ಹಾಕಿಸಿದ್ದು.

ಇಂಥ ಇನ್ನೂ ಕೆಲವು ಸುಳಿವುಗಳಿವೆ.

ಒಳಗಿನ ಲೇಬಲ್: ಪೂರ್ವ ಮತ್ತು ಪಶ್ಚಿಮ ಜರ್ಮನಿ ಒಂದಾದದ್ದು 1990ರ ಅಕ್ಟೋಬರ್ 3ರಂದು. 1994ರ ವಿಶ್ವಕಪ್ ಜೆರ್ಸಿ ಎನ್ನುವುದರ ಒಳಗೆ ‘ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದು’ ಎಂದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಲೇಬಲ್‌ನಲ್ಲಿ ಕ್ಯೂಆರ್ ಕೋಡ್ ಇದ್ದರಂತೂ ಮಾತೇ ಬೇಡ. ಕ್ಯೂಆರ್ ಕೋಡ್ ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ ಹುಟ್ಟಿದ್ದೇ 1994ರಲ್ಲಿ.

ಕಂಪನಿಯ ಗುರುತು: 1990ರ ಜರ್ಮನಿ ಜೆರ್ಸಿಯ ಮೇಲಿರುವುದು ಅಡಿಡಾಸ್‌ನ ಮೂರೆಲೆಯ ಗುರುತು. ಏರುತ್ತ ಹೋಗುವ ಮೂರು ಪಟ್ಟಿಗಳ ಗುರುತು ‘ಎಕ್ವಿಪ್‌ಮೆಂಟ್’ ಸರಣಿಯ ಜೊತೆ ಬಂದದ್ದು 1991ರಲ್ಲಿ. ಆದರೆ ಮೂರೆಲೆ ಇದ್ದ ಮಾತ್ರಕ್ಕೆ ಹಳೆಯದು ಎನ್ನುವಂತಿಲ್ಲ, ಈಗಿನ ಮರುತಯಾರಿಕೆಗಳಲ್ಲೂ ಅದೇ ಇರುತ್ತದೆ.

ಬೆರಳಿನ ಪರೀಕ್ಷೆ: ಉತ್ಪತನ ವಿಧಾನದಲ್ಲಿ ಅಚ್ಚಾದ ಚಿತ್ತಾರ ಬೆರಳಿಗೆ ತಾಕುವುದಿಲ್ಲ. ಪ್ರಾಯೋಜಕರ ಹೆಸರು ಮತ್ತು ನಂಬರ್‌ಗಳನ್ನು ಆಗ ಹಲವು ಜೆರ್ಸಿಗಳ ಮೇಲೆ ಅಂಟು ಹಾಕಿ ಕೂರಿಸುತ್ತಿದ್ದರು. ಕೆಲವು ಮಖಮಲ್ಲಿನಂತೆ ಇರುತ್ತಿದ್ದವು, ಕೆಲವು ರಬ್ಬರಿನಂತೆ. ಅಂಟು ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ರಬ್ಬರಿನಂಥ ಅಚ್ಚಿನಲ್ಲಿ ಮೆದುತನಕ್ಕೆಂದು ಸೇರಿಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ಅಚ್ಚು ಜಿಗುಟಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಆದ್ದರಿಂದ ಬಟ್ಟೆಯ ಬಣ್ಣ ಚೆನ್ನಾಗಿದ್ದು ಅಕ್ಷರಗಳು ಬಿರಿದಿದ್ದರೆ ಅದು ವಯಸ್ಸಿನ ಸಹಜ ಲಕ್ಷಣ. ಅಕ್ಷರಗಳು ನಿನ್ನೆ ಮೊನ್ನೆ ಅಂಟಿಸಿದಂತಿದ್ದರೆ, ಅದು ಬಳಸದೆ ಇಟ್ಟದ್ದೇ ಅಥವಾ ಹೊಸದೇ ಎಂದು ಕೇಳಲೇಬೇಕು.

ಇವುಗಳಲ್ಲಿ ಯಾವುದೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ನಕಲಿ ಮಾಡುವವರು ಲೇಬಲನ್ನೂ ನಕಲು ಮಾಡುತ್ತಾರೆ. ನಾಲ್ಕೈದು ಸುಳಿವುಗಳು ಒಂದೇ ಮಾತು ಹೇಳಿದರೆ ಮಾತ್ರ ನಂಬಿಕೆ ಇಡಬಹುದು.

ಮರಡೋನಾ ಜೆರ್ಸಿಯ ವಿಷಯದಲ್ಲೂ ಹೀಗೆಯೇ ಆಯಿತು. ಅವರು ಎರಡನೇ ಅವಧಿಯಲ್ಲಿ, ಅಂದರೆ ಆ ಎರಡು ಗೋಲು ಹೊಡೆದಾಗ, ತೊಟ್ಟಿದ್ದ ಜೆರ್ಸಿ ಇದಲ್ಲ ಎಂದು ಅವರ ಮಗಳು ತಕರಾರು ತೆಗೆದರು. ಆ ಪಂದ್ಯಕ್ಕೆ ಅರ್ಜೆಂಟೀನಾ ತಂಡದವರು ಮೆಕ್ಸಿಕೊ ನಗರದ ಅಂಗಡಿಯಿಂದ ನೀಲಿ ಜೆರ್ಸಿ ತಂದು, ಅವಸರದಲ್ಲಿ ಲಾಂಛನ ಹೊಲಿದು ನಂಬರ್ ಅಂಟಿಸಿದ್ದರು. ಅವಸರದ ಕೈಕೆಲಸ ಎರಡು ಸಲ ಒಂದೇ ಥರ ಬರುವುದಿಲ್ಲ. ಲಾಂಛನ, ಪಟ್ಟೆ ಮತ್ತು ನಂಬರ್‌ಗಳ ಸಣ್ಣ ಸಣ್ಣ ವಿವರಗಳನ್ನು ಪಂದ್ಯದ ಫೋಟೊಗಳ ಜೊತೆ ಹೋಲಿಸಿ, ಎರಡೂ ಗೋಲುಗಳ ಹೊತ್ತಿನಲ್ಲಿ ಅವರ ಮೈಮೇಲಿದ್ದದ್ದು ಇದೇ ಎಂದು ಹರಾಜಿನವರು ಹೇಳಿದರು. ‘ಆಟಗಾರನೇ ತೊಟ್ಟದ್ದು’ ಎನ್ನುವ ಮಾತಿಗೆ ಬೇಕಾದ ಪುರಾವೆ ಈ ಮಟ್ಟದ್ದು. ಒಂದು ಫೋಟೊ, ಒಂದು ಸರ್ಟಿಫಿಕೇಟ್ ಸಾಲದು.

ಬೀರುವಿನಲ್ಲಿ ಇಡುವಾಗ

ನಿಮ್ಮ ಬಳಿ ನಿಜಕ್ಕೂ ಹಳೆಯ ಜೆರ್ಸಿ ಇದ್ದರೆ ಅದಕ್ಕೆ ನುಸಿಗುಳಿಗೆ ಹಾಕಬೇಡಿ. ಬಟ್ಟೆ ತಿನ್ನುವ ಹುಳುಗಳಿಗೆ ಬೇಕಾದದ್ದು ಉಣ್ಣೆ, ರೇಷ್ಮೆಯಂಥ ಪ್ರಾಣಿಜನ್ಯ ನೂಲು. ಪಾಲಿಯೆಸ್ಟರ್ ಅವುಗಳ ಆಹಾರವಲ್ಲ. ಇನ್ನೊಂದು ಮುಖ್ಯ ವಿಷಯ: ನ್ಯಾಫ್ತಲೀನ್ ಗುಳಿಗೆಯೂ ಕರ್ಪೂರದಂತೆ ನೇರವಾಗಿ ಆವಿಯಾಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಈ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ, ಕಾಮಾಲೆ ಬರಬಹುದು. ಕೂಸಿರುವ ಮನೆಯಲ್ಲಿ ಈ ಎಚ್ಚರಿಕೆ ಎಲ್ಲ ಬಟ್ಟೆಗೂ ಅನ್ವಯಿಸುತ್ತದೆ.

ತಣ್ಣೀರಿನಲ್ಲಿ, ಒಳಮೈ ಹೊರಗೆ ಮಾಡಿ, ಕೈಯಲ್ಲೇ ಒಗೆಯಿರಿ. ನೆರಳಿನಲ್ಲಿ ಒಣಗಿಸಿ, ಬಿಸಿಲಿನ ನೇರಳಾತೀತ ಕಿರಣ ಬಣ್ಣವನ್ನು ಕೆಡಿಸುತ್ತದೆ. ಅಕ್ಷರಗಳ ಮೇಲೆ ಇಸ್ತ್ರಿ ಬೇಡವೇ ಬೇಡ. ಅಚ್ಚಿನ ಭಾಗವನ್ನು ಮಡಚಿದರೆ ಆ ಗೆರೆಯಲ್ಲೇ ಬಿರಿಯುತ್ತದೆ, ನಡುವೆ ಒಂದು ಬಿಳಿ ಹತ್ತಿಬಟ್ಟೆ ಇಟ್ಟು ಸಡಿಲವಾಗಿ ಮಡಚಿ.

ಹಣ ಕಳಿಸುವ ಮುನ್ನ

“ನಿಮ್ಮ ಹಳೆಯ ಜೆರ್ಸಿಗೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ” ಎಂದು ಯಾರಾದರೂ ಹೇಳಿದರೆ ಹಳೆಯ ನೋಟು, ನಾಣ್ಯಗಳ ಮೋಸ ನೆನಪಿಸಿಕೊಳ್ಳಿ. ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಕೀಳುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ವಸ್ತು ಬದಲಾದರೂ ತಂತ್ರ ಬದಲಾಗುವುದಿಲ್ಲ.

ನೆನಪಿಡಿ, ನಿಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದಿರಿ ಎಂದರೆ ಹಣ ನಿಮ್ಮಿಂದ ಹೋಗುತ್ತದೆ. ಕೊಳ್ಳುವಾಗ ಒಳಲೇಬಲ್, ಹೊಲಿಗೆ ಮತ್ತು ಅಚ್ಚಿನ ಹತ್ತಿರದ ಫೋಟೊ ಕೇಳಿ. ವಾಪಸ್ ಕೊಡುವ ಅವಕಾಶ ಇಲ್ಲದಿದ್ದರೆ ದೊಡ್ಡ ಮೊತ್ತ ಹಾಕಬೇಡಿ. ಮೋಸವಾಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೆಚ್ಚಿನ ತಂಡದ ಹಳೆಯ ಜೆರ್ಸಿ ತೊಡುವ ಆಸೆಯಷ್ಟೇ ಇದ್ದರೆ ಮರುತಯಾರಿಕೆಯನ್ನು ಅದರ ಬೆಲೆಗೇ ಕೊಂಡು ಖುಷಿಯಾಗಿ ತೊಡಿ, ಅದರಲ್ಲೇನೂ ಕೊರತೆಯಿಲ್ಲ. ಸಂಗ್ರಹಿಸುವ ಆಸೆ ಇದ್ದರೆ ಮೊದಲು ಇಸವಿಗಳನ್ನು ಕಲಿಯಿರಿ, ಆಮೇಲೆ ಹಣ ತೆಗೆಯಿರಿ. ಇನ್ನು ಮುಂದೆ ‘1990ರ ಮಥಾಯಸ್ ಜೆರ್ಸಿ’ಯ ಸಂದೇಶ ನಿಮ್ಮ ಗುಂಪಿಗೆ ಬಂದರೆ ಒಂದೇ ಸಾಲಿನ ಉತ್ತರ ಸಾಕು: ಆ ವಿಶ್ವಕಪ್‌ನಲ್ಲಿ ಯಾರ ಬೆನ್ನ ಮೇಲೂ ಹೆಸರಿರಲಿಲ್ಲ.