ಗಂಡು ಹಕ್ಕಿಯ ಬಣ್ಣ, ಹೆಣ್ಣು ಹಕ್ಕಿಯ ಆಯ್ಕೆ

ಚೈತ್ರ ವೈಶಾಖಗಳಲ್ಲಿ ಪುಣೆಯ ಬೆಳಗು ಕೋಗಿಲೆಯ ಕೂಗಿನೊಡನೆ ಆರಂಭವಾಗುತ್ತದೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ಹೇಳಬೇಕಾದುದಿಲ್ಲ. ಊರೆಲ್ಲ ಇನ್ನೂ ನಿದ್ರಿಸುತ್ತಿರುವಾಗಲೇ ಎದ್ದು, ಇಡ್ಲಿಯ ಹಿಟ್ಟು ಹುದುಗಿದೆಯೇ ಎಂದು ನೋಡಿ, ಒಲೆ ಹೊತ್ತಿಸುವ ಭಟ್ಟರಿಗೂ ಮಾಣಿಗಳಿಗೂ ಆ ಹೊತ್ತಿನಲ್ಲಿ ಜೊತೆಯಾಗಿರುವ ದನಿ ಅದೊಂದೇ. ಹಿತ್ತಲಿನ ಮಾವಿನ ಮರದಿಂದಲೋ ರಸ್ತೆಯಂಚಿನ ಆಲದ ಮರದಿಂದಲೋ ಏರುತ್ತ ಏರುತ್ತ ಹೋಗುವ ಆ ಸ್ವರವನ್ನು ಕೇಳಿದೊಡನೆ ಊರಿನ ನೆನಪು ಬರುವುದೂ ಸಹಜವೇ ಸರಿ. ಆದರೆ ಹಾಡುತ್ತಿರುವುದು ಗಂಡೋ ಹೆಣ್ಣೋ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಹೆಣ್ಣೆಂದೇ ಉತ್ತರಿಸಿಯಾರು. ಇಂಪಾಗಿ ಹಾಡುವ ಗಾಯಕಿಯರಿಗೆ ಗಾನಕೋಗಿಲೆಯೆಂಬ ಬಿರುದನ್ನು ಕೊಟ್ಟು ಬಂದಿರುವ ನಾಡು ನಮ್ಮದು.

ಸತ್ಯಾಂಶ ಬೇರೆಯಾಗಿದೆ. ಹಾಗೆ ಹಾಡುವುದು ಗಂಡು ಕೋಗಿಲೆ. ಮಿರುಗುವ ಕಪ್ಪು ಮೈ, ಕೆಂಡದಂತಹ ಕೆಂಪು ಕಣ್ಣು, ಇವೇ ಅದರ ಗುರುತು. ಹೆಣ್ಣು ಕೋಗಿಲೆ ಕಪ್ಪಗಿರುವುದೇ ಇಲ್ಲ. ಅದರ ಮೈ ಕಂದುಬಣ್ಣದ್ದು. ಅದರ ಮೇಲೆ ತುಂಬ ಬಿಳಿಯ ಚುಕ್ಕೆಗಳೂ ಪಟ್ಟೆಗಳೂ ಇರುತ್ತವೆ. ದನಿಯೂ 'ಕಿಕ್ ಕಿಕ್' ಎಂಬ ಒರಟು ಕೂಗು. ಇದನ್ನು ಕಂಡವರು ಬೇರೆ ಯಾವುದೋ ಹಕ್ಕಿಯೆಂದು ತಿಳಿದು ಮುಂದೆ ನಡೆಯುವುದುಂಟು. ಕೋಗಿಲೆ ತಾನು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಕಪ್ಪು ಗಂಡು ಕಾಗೆಗಳ ಕಣ್ಣಿಗೆ ಬಿದ್ದು, ಅವುಗಳನ್ನು ರೇಗಿಸಿ ದೂರಕ್ಕೆ ಸೆಳೆಯುತ್ತಿರುವಾಗ ಎಲೆಗಳ ನೆರಳುಬೆಳಕಿನಲ್ಲಿ ಬೆರೆತುಹೋಗುವ ಚುಕ್ಕೆಯ ಹೆಣ್ಣು ಗೂಡಿಗೆ ನುಸುಳುವುದನ್ನು ಪಕ್ಷಿವೀಕ್ಷಕರು ಕಂಡು ಬರೆದಿದ್ದಾರೆ.

ಇನ್ನು ಗುಬ್ಬಚ್ಚಿಯ ವಿಚಾರ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಮರಾಠಿ ಗಿರಾಕಿಯೊಬ್ಬರು 'ಚಿಮಣಿ ಬಂದಿದೆ ನೋಡು' ಎಂದರೆ ಅವನು ಸೀಮೆಎಣ್ಣೆಯ ದೀಪವನ್ನು ಹುಡುಕಿದರೆ ಆಶ್ಚರ್ಯವಿಲ್ಲ! ಮರಾಠಿಯಲ್ಲಿ ಚಿಮಣಿಯೆಂದರೆ ಗುಬ್ಬಿ, ಗಂಡಾದರೆ ಚಿಮಣಾ. ಈ ಭೇದವನ್ನು ಕಣ್ಣಿನಿಂದ ಕಾಣುವುದು ಸುಲಭ. ಗಂಡು ಗುಬ್ಬಿಯ ನೆತ್ತಿ ಬೂದುಬಣ್ಣದ್ದು; ಗಂಟಲಿನಿಂದ ಎದೆಯವರೆಗೆ ಕಪ್ಪು ಕರವಸ್ತ್ರ ಕಟ್ಟಿದಂತೆ ಮಚ್ಚೆಯಿರುತ್ತದೆ. ಹೆಣ್ಣಿಗೆ ಆ ಮಚ್ಚೆಯಿಲ್ಲ. ಮಣ್ಣಿನ ಬಣ್ಣದ ಮೈ, ಕಣ್ಣಿನ ಹಿಂದೆ ತೆಳುವಾದ ಗೆರೆ. ನಮ್ಮ ಅಜ್ಜಿಯರ ಕಥೆಯ ಗುಬ್ಬಕ್ಕನನ್ನು ಹೀಗೆ ಗುರುತಿಸಬಹುದು. ಕಾಗಕ್ಕನನ್ನು ಮಾತ್ರ ಗುರುತಿಸಲಾರೆವು. ಕಾಗೆ, ಗೊರವಂಕ, ಪಾರಿವಾಳ, ಪಿಕಳಾರ ಇವುಗಳಲ್ಲಿ ಗಂಡೂ ಹೆಣ್ಣೂ ನೋಡಲು ಒಂದೇ ಬಗೆ.

ಕೆಲವು ಹಕ್ಕಿಗಳಲ್ಲಿ ಇಷ್ಟು ಅಂತರ, ಕೆಲವುಗಳಲ್ಲಿ ಏನೂ ಇಲ್ಲ, ಇದಕ್ಕೆ ಕಾರಣವೇನು? ಈ ಪ್ರಶ್ನೆ ಚಾರ್ಲ್ಸ್ ಡಾರ್ವಿನ್ ಪಂಡಿತನನ್ನೇ ಕಾಡಿತ್ತು. ನವಿಲಿನ ಗರಿಯನ್ನು ಕಂಡಾಗಲೆಲ್ಲ ತನಗೆ ತಲೆ ಕೆಟ್ಟಂತಾಗುತ್ತದೆಂಬರ್ಥದಲ್ಲಿ ಅವನು 1860ರಲ್ಲಿ ಮಿತ್ರನೊಬ್ಬನಿಗೆ ಕಾಗದ ಬರೆದಿದ್ದನು. ಬದುಕಿ ಉಳಿಯಲು ನೆರವಾಗುವ ಗುಣಗಳೇ ಉಳಿಯುತ್ತವೆಂದು ಹೇಳಿದವನಿಗೆ, ಹಾರಲು ತೊಡಕಾಗುವ, ವೈರಿಯ ಕಣ್ಣಿಗೆ ಬೀಳಿಸುವ ಆ ಭಾರವಾದ ಗರಿಯ ಹೊರೆ ಒಗಟಾಗಿ ಕಂಡಿತು. 1871ರ ತನ್ನ ಗ್ರಂಥದಲ್ಲಿ ಅವನು ಕೊಟ್ಟ ಉತ್ತರವಿದು: ಹೆಣ್ಣು ನೋಡಿ ಆರಿಸುತ್ತದೆ, ಆರಿಸಲ್ಪಟ್ಟ ಗಂಡಿನ ಸಂತತಿ ಬೆಳೆಯುತ್ತದೆ, ಹೀಗೆ ತಲೆಮಾರುಗಳು ಕಳೆದಂತೆ ಗಂಡಿನ ಬೆಡಗು ಏರುತ್ತ ಹೋಗುತ್ತದೆ. ಹೆಣ್ಣಿಗೆ ವಿವೇಚನೆಯುಂಟೆಂಬ ಈ ಮಾತನ್ನು ಅಂದಿನ ವಿದ್ವಾಂಸರಲ್ಲಿ ಅನೇಕರು ಒಪ್ಪಲಿಲ್ಲ. ಹಕ್ಕಿಗಳನ್ನು ಸಾವಧಾನದಿಂದ ನೋಡಿದವರ ಸಾಕ್ಷ್ಯ ಕೂಡುತ್ತ ಬಂದಮೇಲೆಯೇ ಅದಕ್ಕೆ ಮನ್ನಣೆ ದೊರೆತುದು. ಯಾವ ಲಕ್ಷಣವನ್ನು ನೋಡಿ ಹೆಣ್ಣು ಆರಿಸುತ್ತದೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಗರಿಯಲ್ಲಿ ಕಣ್ಣುಗಳು ಹೆಚ್ಚಿದ್ದ ನವಿಲಿಗೆ ಹೆಚ್ಚು ಸಂಗಾತಿಗಳು ದೊರೆತರೆಂದು ಇಂಗ್ಲೆಂಡಿನ ಸಂಶೋಧಕರು 1991ರಲ್ಲಿ ಬರೆದರೆ, ಅಂತಹ ಸಂಬಂಧ ತಮಗೆ ಕಾಣಲಿಲ್ಲವೆಂದು ಜಪಾನಿನವರು 2008ರಲ್ಲಿ ಬರೆದರು.

ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಮೋರಾಚಿ ಚಿಂಚೋಳಿಯಲ್ಲಿ ನವಿಲುಗಳನ್ನು ಹತ್ತಿರದಿಂದಲೇ ನೋಡಬಹುದು. ಮಳೆಗಾಲಕ್ಕೆ ಮುಂಚೆ ಹೋದವರು ಗರಿಗೆದರಿ ಕುಣಿಯುವ ಗಂಡನ್ನು ಮಾತ್ರ ನೋಡಿ ತೃಪ್ತರಾಗಬಾರದು. ಪಕ್ಕದಲ್ಲಿ ಕಾಳು ಹೆಕ್ಕುತ್ತ, ನೋಡಿಯೂ ನೋಡದಂತಿರುವ ಕಂದು ಹೆಣ್ಣನ್ನೂ ಗಮನಿಸಬೇಕು. ಪರೀಕ್ಷಕಳು ಅವಳೇ. ಮುಂದೆ ನೆಲದ ಮೇಲೆ ಕುಳಿತು ಒಬ್ಬಳೇ ಕಾವು ಕೊಡಬೇಕಾದವಳಿಗೆ ಒಣಹುಲ್ಲಿನ ಬಣ್ಣವೇ ರಕ್ಷಾಕವಚ. ಗಂಡುನವಿಲಿನ ಕಣ್ಣೀರಿನಿಂದ ಹೆಣ್ಣು ಗರ್ಭ ಧರಿಸುತ್ತದೆಂಬ ಮಾತು ಬರಿಯ ಕಟ್ಟುಕಥೆ. ಇತರ ಹಕ್ಕಿಗಳಂತೆಯೇ ನವಿಲುಗಳೂ ಕೂಡುತ್ತವೆ.

ಹೆಣ್ಣಿನ ಆಯ್ಕೆಯನ್ನು ಕಣ್ಣಾರೆ ನೋಡಬೇಕಾದರೆ ಗೀಜಗನಿಗಿಂತ ಉತ್ತಮ ನಿದರ್ಶನವಿಲ್ಲ. ಮಳೆಗಾಲದಲ್ಲಿ ಗಂಡಿನ ನೆತ್ತಿಗೂ ಎದೆಗೂ ಅರಸಿನದ ಬಣ್ಣ ಬರುತ್ತದೆ. ಹೆಣ್ಣು ಗುಬ್ಬಿಯಂತೆಯೇ ಉಳಿಯುತ್ತದೆ. ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿಯವರು 1930ರ ಸುಮಾರಿಗೆ ಅಲಿಬಾಗಿನ ಹತ್ತಿರದ ಕಿಹೀಮದಲ್ಲಿ ಕುಳಿತು ಈ ಹಕ್ಕಿಯ ಸಂಸಾರವನ್ನು ಬಿಡಿಸಿ ತೋರಿಸಿದರು. ಗಂಡು ಅರ್ಧ ಗೂಡನ್ನು ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಮೆಚ್ಚಿಗೆಯಾದರೆ ಒಂದು ಹೆಣ್ಣು ಅಲ್ಲಿ ನೆಲೆಸುತ್ತದೆ. ಗಂಡು ಗೂಡನ್ನು ಪೂರ್ತಿಗೊಳಿಸಿ, ಮತ್ತೊಬ್ಬಳಿಗಾಗಿ ಇನ್ನೊಂದು ಗೂಡಿಗೆ ಕೈಹಚ್ಚುತ್ತದೆ. ಮೆಚ್ಚಿಗೆಯಾಗದಿದ್ದರೆ ಅಷ್ಟು ದಿನದ ನೇಯ್ಗೆ ಅರ್ಧಕ್ಕೇ ನೇತಾಡುತ್ತದೆ. ಯರವಡೆಯ ಬಳಿ ಮುಳಾ-ಮುಠಾ ನದಿಯ ದಂಡೆಯಲ್ಲಿರುವ ಪಕ್ಷಿಧಾಮಕ್ಕೆ ಈ ಮಹನೀಯರ ಹೆಸರನ್ನೇ ಇಟ್ಟಿರುವುದು ಉಚಿತವಾಗಿದೆ.

ಹಾಗಾದರೆ ಚೆಲುವು ಗಂಡಿಗೂ ದುಡಿಮೆ ಹೆಣ್ಣಿಗೂ ಎಂಬುದು ಸೃಷ್ಟಿಯ ನಿಯಮವೇ? ಅಲ್ಲ. ಕೆಸರುಗದ್ದೆಗಳಲ್ಲಿರುವ ಬಣ್ಣದ ಉಲ್ಲಂಕಿಯೆಂಬ ಹಕ್ಕಿಯಲ್ಲಿ ಲೆಕ್ಕ ತಲೆಕೆಳಗು. ಕಂದುಗೆಂಪು ಕೊರಳಿನ ಬೆಡಗುಗಾತಿ ಹೆಣ್ಣು. ಮಾಸಲು ಬಣ್ಣದವನು ಗಂಡು. ಮೊಟ್ಟೆಯಿಟ್ಟು ಹೆಣ್ಣು ಮತ್ತೊಬ್ಬ ಸಂಗಾತಿಯನ್ನು ಅರಸಿ ಹೋದರೆ, ಕಾವು ಕೊಟ್ಟು ಮರಿಗಳನ್ನು ಸಾಕುವ ಭಾರ ಗಂಡಿನದು. ಯಾರು ಗೂಡಿನ ಮೇಲೆ ಕುಳಿತಿರಬೇಕೋ ಅವರಿಗೆ ಮಂಕು ಬಣ್ಣ. ಇಬ್ಬರೂ ಸರಿಸಮನಾಗಿ ದುಡಿಯುವ ಕಾಗೆ ಗೊರವಂಕಗಳಲ್ಲಿ ಇಬ್ಬರಿಗೂ ಒಂದೇ ಉಡುಪು. ಅಪವಾದಗಳಿದ್ದರೂ ಬಹುಮಟ್ಟಿಗೆ ಈ ಸೂತ್ರ ನಿಲ್ಲುತ್ತದೆ.

ಪುಣೆಯ ಹಳೆಯ ಮರಗಳಲ್ಲಿ ವಾಸಿಸುವ ಬೂದು ಮಂಗಟ್ಟೆಯ ಕಥೆ ನಮ್ಮವರಿಗೆ ವಿಶೇಷವಾಗಿ ಹತ್ತಿರವಾದುದು. ಇಲ್ಲಿ ಅಂತರ ಅಲ್ಪ. ಕೊಕ್ಕಿನ ಮೇಲಿನ ಕೊಂಬು ಗಂಡಿಗೆ ದೊಡ್ಡದು, ಅಷ್ಟೆ. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಬಾಯಿಯನ್ನು ಮುಚ್ಚಿ, ಸಣ್ಣ ಸೀಳೊಂದನ್ನು ಉಳಿಸಿಕೊಂಡು ಮೊಟ್ಟೆಯಿಡುತ್ತದೆ. ಗಂಡು ವಾರಗಟ್ಟಲೆ ಆಲದ ಹಣ್ಣು, ಅತ್ತಿಯ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ದೂರದಲ್ಲಿ ದುಡಿದು, ಹಿಂದೆ ಮನಿಆರ್ಡರಿನಿಂದ, ಇಂದು ಮೊಬೈಲಿನಿಂದ ಮನೆಗೆ ಹಣ ಕಳುಹಿಸುವ ಗೃಹಸ್ಥರಿಗೆ ಈ ಹಕ್ಕಿಯ ಪಾಡು ತಿಳಿಯದೆ ಇರಲಾರದು. ಒಳಗೆ ಕತ್ತಲೆಯಲ್ಲಿ ಕುಳಿತವಳ ತಪಸ್ಸನ್ನು ಮಾತ್ರ ನಾವು ಮರೆಯಬಾರದು.

ಈ ಮಾತಿನಿಂದಲೇ ಇನ್ನೊಂದು ಮುಖ್ಯ ವಿಷಯಕ್ಕೆ ಬರುತ್ತೇವೆ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಜೀವಕೋಶದೊಳಗಿನ ವರ್ಣತಂತುಗಳಿಂದ ನಿರ್ಧಾರವಾಗುತ್ತದೆ. ಹಕ್ಕಿಗಳಲ್ಲಿ ಎರಡು ಬಗೆಯ ತಂತುಗಳನ್ನು ಹೊಂದಿರುವವಳು ತಾಯಿ. ಆದುದರಿಂದ ಅವಳ ಮೊಟ್ಟೆಯೇ ಮರಿಯ ಲಿಂಗವನ್ನು ನಿಶ್ಚಯಿಸುತ್ತದೆ. ಮನುಷ್ಯರಲ್ಲಿ ಇದಕ್ಕೆ ವಿರುದ್ಧ. ತಾಯಿಯಿಂದ ಎಲ್ಲ ಮಕ್ಕಳಿಗೂ ಒಂದೇ ಬಗೆಯ ತಂತು ಬರುತ್ತದೆ. ಮಗುವನ್ನು ಗಂಡೋ ಹೆಣ್ಣೋ ಮಾಡುವ ತಂತು ಬರುವುದು ತಂದೆಯಿಂದ. ಅದೂ ಅವನ ಇಚ್ಛೆಯಿಂದಲ್ಲ, ಕೇವಲ ಆಕಸ್ಮಿಕದಿಂದ. ಹೀಗಿದ್ದೂ ನಮ್ಮ ಎಷ್ಟು ಮನೆಗಳಲ್ಲಿ ಎರಡನೆಯದೂ ಹೆಣ್ಣೆಂದು ಸೊಸೆಯನ್ನು ಚುಚ್ಚಿ ಮಾತನಾಡುವುದಿಲ್ಲ? ಊರಿನಿಂದ ಬಂದ ಸುದ್ದಿಯನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡು ಗಲ್ಲಾದ ಹಿಂದೆ ಕುಳಿತವರನ್ನು ನಾವು ಕಂಡಿದ್ದೇವೆ. ಭ್ರೂಣದ ಲಿಂಗಪರೀಕ್ಷೆಯನ್ನು ಮಹಾರಾಷ್ಟ್ರ ಸರಕಾರವು 1988ರಲ್ಲಿ ನಿರ್ಬಂಧಿಸಿತು. 1994ರಲ್ಲಿ ಇಡೀ ದೇಶಕ್ಕೆ ಕಾಯ್ದೆಯಾಯಿತು. ಕಾಯ್ದೆ ಕೈಯನ್ನು ತಡೆದೀತು; ನಾಲಿಗೆಯನ್ನು ತಡೆಯಬೇಕಾದುದು ತಿಳಿವಳಿಕೆ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರಿಗೆ ಈ ಒಂದು ಮಾತನ್ನು ತಿಳಿಸಿ ಹೇಳಿದರೂ ವಾಚಕರಿಂದ ದೊಡ್ಡ ಉಪಕಾರವಾದಂತಾಗುವುದು.

ಕೊನೆಗೆ ಗಿಳಿಯ ಬಗೆಗೆ ಒಂದು ಸೂಚನೆ. ಕೊರಳಿನಲ್ಲಿ ಗುಲಾಬಿ ಮತ್ತು ಕಪ್ಪು ಬಣ್ಣದ ಹಾರವಿರುವುದು ಬೆಳೆದ ಗಂಡಿಗೆ ಮಾತ್ರ. ಹೆಣ್ಣಿಗೂ ಎಳೆಯ ಗಂಡಿಗೂ ಅದು ಇರುವುದಿಲ್ಲ. ಮರಿ ಗಂಡಿಗೆ ಹಾರ ಮೂಡಲು ಎರಡು ಮೂರು ವರ್ಷ ಬೇಕಾಗುತ್ತದೆ. ಇದನ್ನು ಅರಿತವರು ಗಿಳಿಯನ್ನು ಕೊಂಡು ಪರೀಕ್ಷಿಸಲು ಹೊರಡಬಾರದು. ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನೋಡುವ ಆಸೆಯಿದ್ದವರು ವಾರದ ರಜೆಯ ದಿನ ಮುಂಜಾನೆ ವೇತಾಳ ಗುಡ್ಡವನ್ನೋ, ಪಾಷಾಣ ಕೆರೆಯ ದಂಡೆಯನ್ನೋ, ಎಂಪ್ರೆಸ್ ತೋಟವನ್ನೋ ಸೇರಿದರೆ ಸಾಕು. ಬಣ್ಣದ ಗಂಡು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅದು ಕಂಡ ಮೇಲೆ ಇನ್ನೂ ಐದು ನಿಮಿಷ ಅಲ್ಲಿಯೇ ನಿಂತು, ಹತ್ತಿರದ ಕೊಂಬೆಯಲ್ಲಿ ಸದ್ದಿಲ್ಲದೆ ಕುಳಿತಿರುವ ಹೆಣ್ಣನ್ನು ಹುಡುಕಿರೆಂದು ನಮ್ಮ ಬಿನ್ನಹ.